ಬೆಲ್‌ಫಾಸ್ಟಿನ ಕ್ರೌನ್ ಬಾರ್: ಹಗಲು ಹೋದರೆ ಅರಮನೆ, ಶನಿವಾರ ರಾತ್ರಿ ಹೋದರೆ ಬರೀ ನೂಕುನುಗ್ಗಲು

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಹಳೆಯ ಪಬ್ ಕ್ರೌನ್ ಲಿಕರ್ ಸಲೂನಿಗೆ ಐದು ಸ್ಟಾರ್ ಕೊಡುವವರಿಗೂ ಎರಡು ಸ್ಟಾರ್ ಕೊಡುವವರಿಗೂ ಇರುವ ವ್ಯತ್ಯಾಸ ರುಚಿಯದ್ದಲ್ಲ, ಗಡಿಯಾರದ್ದು. ಶನಿವಾರ ರಾತ್ರಿ ಎಂಟಕ್ಕೆ ಒಳಗೆ ಕಾಲಿಟ್ಟರೆ ಕಾಣುವುದು ಮುಂದೆ ನಿಂತವರ ಜಾಕೆಟ್ಟು. ಮಂಗಳವಾರವೋ ಬುಧವಾರವೋ ಬಾಗಿಲು ತೆರೆದ ಮೊದಲ ಒಂದೆರಡು ಗಂಟೆಯಲ್ಲಿ ಹೋದರೆ ಚಾವಣಿ, ಗಾಜು, ಹೆಂಚು (ಗೋಡೆಯ ಟೈಲ್ಸ್), ಕೆತ್ತನೆ ಎಲ್ಲವನ್ನೂ ಕತ್ತು ನೋಯುವಷ್ಟು ಹೊತ್ತು ನೋಡಬಹುದು, ಯಾರೂ ಎಬ್ಬಿಸುವುದಿಲ್ಲ. ಆದ್ದರಿಂದ ಮೊದಲ ಸಲಹೆಯೇ ಇದು: ಬೆಲ್‌ಫಾಸ್ಟಿನಲ್ಲಿ ಒಂದೇ ದಿನ ಇರುವವರು ಬೆಳಿಗ್ಗೆ ಟೈಟಾನಿಕ್ ಮ್ಯೂಸಿಯಂ, ಸಂಜೆ ಕ್ರೌನ್ ಎಂದು ಪಟ್ಟಿ ಮಾಡಿಕೊಂಡಿರುತ್ತಾರೆ. ಅದನ್ನು ತಿರುಗಾಮುರುಗಾ ಮಾಡಿ. ಮ್ಯೂಸಿಯಂ ಮಧ್ಯಾಹ್ನಕ್ಕೂ ಅಲ್ಲೇ ಇರುತ್ತದೆ. ಕ್ರೌನಿನ ಖಾಲಿ ಬೆಂಚು ಇರುವುದಿಲ್ಲ.

ವಿಳಾಸ ಹುಡುಕಬೇಕಾಗಿಲ್ಲ. 46, ಗ್ರೇಟ್ ವಿಕ್ಟೋರಿಯಾ ಸ್ಟ್ರೀಟ್, ಅಮೇಲಿಯಾ ಸ್ಟ್ರೀಟಿನ ಮೂಲೆ, ಯೂರೋಪಾ ಹೋಟೆಲಿನ ಎದುರು. ಕಟ್ಟಡ ನ್ಯಾಷನಲ್ ಟ್ರಸ್ಟಿನದು, ಅಂದರೆ ಬ್ರಿಟನ್ನಿನಲ್ಲಿ ಹಳೆಯ ಅರಮನೆ, ತೋಟ, ಕಡಲತೀರಗಳನ್ನು ಕಾಪಾಡುವ ಸಂಸ್ಥೆಯದು. ಬಾರ್ ನಡೆಸುವುದು ಮಾತ್ರ ನಿಕೊಲ್ಸನ್ಸ್ ಎಂಬ ಪಬ್ ಸರಪಳಿ. ಈ ಎರಡು ಹೆಸರನ್ನೂ ನೆನಪಿಟ್ಟುಕೊಂಡರೆ ಒಳಗಿನ ಅನುಭವ ಅರ್ಧ ಅರ್ಥವಾಗುತ್ತದೆ: ಗೋಡೆ, ಗಾಜು, ಮರಗೆಲಸ ಎಲ್ಲ ಟ್ರಸ್ಟಿನ ಮಟ್ಟದ್ದು, ಮೆನು, ಊಟ, ಸರ್ವಿಸ್ ಸರಪಳಿಯ ಮಟ್ಟದ್ದು. ಪ್ರವೇಶ ಶುಲ್ಕ ಇಲ್ಲ. ಟ್ರಸ್ಟಿನ ಸದಸ್ಯತ್ವದ ಕಾರ್ಡ್ ತೋರಿಸಿದರೆ ಬಿಯರಿನ ಪಿಂಟ್ ಅಗ್ಗವಾಗುತ್ತದೆ ಎಂದು ಕಾಯಬೇಡಿ.

ಇತಿಹಾಸವನ್ನು ಚುಟುಕಾಗಿ ಮುಗಿಸೋಣ. ಎದುರಿಗೆ ರೈಲು ನಿಲ್ದಾಣವಿದ್ದ ಕಾರಣ ಮೊದಲಿಗೆ ಇದರ ಹೆಸರು ರೈಲ್ವೆ ಟ್ಯಾವರ್ನ್. ಫ್ಲಾನಿಗನ್ ಕುಟುಂಬದ ಕೈಗೆ ಬಂದ ಮೇಲೆ ಮಗ ಪ್ಯಾಟ್ರಿಕ್ 1885ರಲ್ಲಿ ಹೊಸ ರೂಪ, ಹೊಸ ಹೆಸರು ಕೊಟ್ಟ. ಈಗ ಕಾಣುವ ಅಲಂಕಾರದ ಬಹುಪಾಲು 19ನೇ ಶತಮಾನದ ಕೊನೆಯ ವರ್ಷಗಳದ್ದು. ಆ ಹೊತ್ತಿಗೆ ಬೆಲ್‌ಫಾಸ್ಟಿನಲ್ಲಿ ಸಾಲುಸಾಲು ಚರ್ಚುಗಳು ಏಳುತ್ತಿದ್ದವು. ಅವುಗಳ ಕೆಲಸಕ್ಕೆಂದು ಇಟಲಿಯಿಂದ ಬಂದಿದ್ದ ಕುಶಲಕರ್ಮಿಗಳನ್ನು ಕೆಲಸ ಮುಗಿದ ಮೇಲೆ ಸಂಜೆ ಇಲ್ಲಿಗೆ ಕರೆತಂದು ಹೆಂಚು, ಗಾಜು, ಮರದ ಕೆಲಸ ಮಾಡಿಸಿದ ಎಂದು ಹೇಳುತ್ತಾರೆ. ಒಳಗೆ ನಿಂತಾಗ ಆ ಮಾತನ್ನು ನಂಬಲು ಕಷ್ಟವೇನಿಲ್ಲ. ಕೆಂಪು ಗ್ರಾನೈಟ್ ಹಾಸಿದ ಉದ್ದನೆಯ ಕೌಂಟರ್ ಚರ್ಚಿನ ಪೂಜಾವೇದಿಕೆಯ ಗತ್ತಿನಲ್ಲೇ ಇದೆ. ಹಗಲು ದೇವರಿಗೆ, ರಾತ್ರಿ ಮದ್ಯಕ್ಕೆ ಒಂದೇ ಕೈ ದುಡಿದಿದೆ.

ಒಳಗೆ ನುಗ್ಗುವ ಮುನ್ನ ಎದುರಿನ ಪಾದಚಾರಿ ದಾರಿಯಲ್ಲಿ ಐದು ನಿಮಿಷ ನಿಲ್ಲಿ. ನೆಲಮಹಡಿಯ ಮುಖವೆಲ್ಲ ಬಣ್ಣಬಣ್ಣದ ಮೆರುಗು ಹೆಂಚು. ಅಲಂಕಾರಕ್ಕಷ್ಟೇ ಅಲ್ಲ, ಉಪಯೋಗಕ್ಕೂ ಆರಿಸಿದ ವಸ್ತು ಅದು. ಕಲ್ಲಿದ್ದಲ ಹೊಗೆಯ ಊರಿನಲ್ಲಿ ಕಲ್ಲು, ಸುಣ್ಣ ಎರಡೂ ಕೆಲವೇ ವರ್ಷದಲ್ಲಿ ಕರ್ರಗಾಗುತ್ತಿದ್ದವು. ಮೆರುಗು ಹೆಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಬಾಗಿಲ ಹೊಸ್ತಿಲ ಮುಂದೆ ನೆಲದ ಮೇಲೆ ಮೊಸಾಯಿಕ್‌ನಲ್ಲಿ ಒಂದು ಕಿರೀಟವಿದೆ. ಪ್ಯಾಟ್ರಿಕ್‌ನ ಹೆಂಡತಿ ಬ್ರಿಟಿಷ್ ರಾಜನಿಷ್ಠೆಯವಳು, ಬಾರಿಗೆ ಕಿರೀಟದ ಹೆಸರೇ ಬೇಕೆಂದಳು. ಅವನು ಬ್ರಿಟಿಷ್ ಆಳ್ವಿಕೆ ಬೇಡವೆನ್ನುವ ಐರಿಶ್ ರಾಷ್ಟ್ರೀಯವಾದಿ, ಒಪ್ಪಿದ, ಆದರೆ ಕಿರೀಟವನ್ನು ಬಂದವರೆಲ್ಲ ಕಾಲೊರೆಸಿಕೊಳ್ಳುವ ಜಾಗದಲ್ಲೇ ಹಾಕಿಸಿದ ಎಂಬ ಕತೆಯನ್ನು ಊರಿನ ಪ್ರತಿ ಟ್ಯಾಕ್ಸಿಯವನೂ ಹೇಳುತ್ತಾನೆ. ದಂತಕತೆ ಎಂದೇ ಕೇಳಿಸಿಕೊಳ್ಳಿ. ಜನ ಮಾತ್ರ ಇವತ್ತಿಗೂ ಅದರ ಮೇಲೆ ಕಾಲಿಟ್ಟೇ ಒಳಹೋಗುತ್ತಾರೆ, ಮಳೆಯ ದಿನ ಸಾಕಷ್ಟು ಜಾರುತ್ತದೆ ಕೂಡ.

ಕಿಟಕಿಗಳ ಗಾಜು ಬಣ್ಣ ಹಚ್ಚಿದ್ದು, ಕೊರೆದದ್ದು. ಹತ್ತಿರ ಹೋಗಿ ನೋಡಿದರೆ ಅನಾನಸು, ಶಂಖ, ರೆಕ್ಕೆಯ ಯಕ್ಷಿಣಿ, ಸರ್ಕಸ್ ಕೋಡಂಗಿ ಎಲ್ಲ ಸಿಗುತ್ತವೆ. ಹೊರಗಿನಿಂದ ಒಳಗೆ ಯಾರು ಕೂತಿದ್ದಾರೆಂದು ಕಾಣಬಾರದು, ಒಳಕ್ಕೆ ಬೆಳಕು ಮಾತ್ರ ಬರಬೇಕು ಎಂಬ ಲೆಕ್ಕಾಚಾರ ಅದು. ಬಾರಿನ ಮುಖ ಪಶ್ಚಿಮಕ್ಕಿದೆ. ಬೇಸಿಗೆಯಲ್ಲಿ ಮಧ್ಯಾಹ್ನ ಸೂರ್ಯ ಎತ್ತರದಲ್ಲಿದ್ದಾಗ ಗಾಜಿನ ಬಣ್ಣ ಚೆನ್ನಾಗಿ ಬಿಡುತ್ತದೆ. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲೇ ಸಾಗುವುದರಿಂದ ಎದುರಿನ ಹೋಟೆಲಿನ ಎತ್ತರದ ಕಟ್ಟಡ ಅಡ್ಡವಾಗುತ್ತದೆ. ಡಿಸೆಂಬರಿನಲ್ಲಂತೂ ಸಂಜೆ ನಾಲ್ಕಕ್ಕೆ ಕತ್ತಲು, ಆಗ ಗಾಜನ್ನು ರಸ್ತೆಯಿಂದ ನೋಡಬೇಕು, ಒಳಗಿನ ಬೆಳಕಿಗೆ.

ಈ ಗಾಜುಗಳೆಲ್ಲ ಮೂಲದ್ದೇ ಎಂದುಕೊಳ್ಳಬೇಡಿ. 1971ರಲ್ಲಿ ತೆರೆದ ಯೂರೋಪಾ ಹೋಟೆಲಿಗೆ ಬ್ರಿಟನ್ ಪರ ಮತ್ತು ಐರಿಶ್ ಏಕತೆಯ ಪರ ಗುಂಪುಗಳ ಗಲಭೆಯ ದಶಕಗಳಲ್ಲಿ ಮೂವತ್ತಕ್ಕೂ ಹೆಚ್ಚು ಬಾರಿ ಬಾಂಬ್ ಬಿದ್ದಿದೆ; ಆ ಸ್ಫೋಟಗಳ ಗಾಳಿ ರಸ್ತೆಯ ಈ ಬದಿಯ ಬಾರಿಗೂ ಬಡಿದಿದೆ. ಒಡೆದಾಗಲೆಲ್ಲ ಅದೇ ನಮೂನೆಯಲ್ಲಿ ಮತ್ತೆ ಮಾಡಿಸಿ ಕೂರಿಸಿದ್ದಾರೆ. 1978ರಲ್ಲಿ ಟ್ರಸ್ಟ್ ಕಟ್ಟಡ ಕೊಂಡಿತು. ಕವಿ ಜಾನ್ ಬೆಚೆಮನ್ ಸೇರಿದಂತೆ ಹಲವರ ಒತ್ತಾಯ ಅದರ ಹಿಂದಿತ್ತು. ವಾಸ್ತುಶಿಲ್ಪಿ ರಾಬರ್ಟ್ ಮೆಕಿನ್‌ಸ್ಟ್ರಿ ಕೈಯಲ್ಲಿ ಸುಮಾರು 4 ಲಕ್ಷ ಪೌಂಡ್ ವೆಚ್ಚದ ದುರಸ್ತಿ 1981ಕ್ಕೆ ಮುಗಿಯಿತು. 2007ರಲ್ಲಿ ಇನ್ನೊಂದು 5 ಲಕ್ಷ ಪೌಂಡ್ ಖರ್ಚಾಯಿತು. ಹಳತು ಹೊಸತರ ಗೆರೆ ಹುಡುಕುವ ಚಟವಿದ್ದರೆ ಗಾಜನ್ನು ಓರೆಯಾಗಿ ನೋಡಿ. ಹಳೆಯ ಹಾಳೆಯಲ್ಲಿ ಸಣ್ಣ ಅಲೆ, ಸೂಜಿಮೊನೆ ಗಾತ್ರದ ಗುಳ್ಳೆ ಕಾಣುತ್ತವೆ. ಹೊಸದು ನುಣುಪಾಗಿ, ಸಪಾಟಾಗಿ ಇರುತ್ತದೆ. ಹೆಂಚಿನಲ್ಲಾದರೆ ಮೆರುಗಿನ ಮೇಲೆ ಕೂದಲೆಳೆಯ ಬಿರುಕಿನ ಬಲೆ ಇದ್ದದ್ದು ಸಾಮಾನ್ಯವಾಗಿ ಹಳತು. ಹೆಂಚಿನ ಮೈ ಮತ್ತು ಮೆರುಗು ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ವರ್ಷಗಳ ಮೇಲೆ ಹಾಗಾಗುತ್ತದೆ. ಅದು ಹಾಳಾದ ಗುರುತಲ್ಲ, ವಯಸ್ಸಿನ ಗುರುತು.

ಬೆಳಕಿನ ವಿಷಯಕ್ಕೆ ಬಂದರೆ, ಇಲ್ಲಿ ಗ್ಯಾಸ್ ದೀಪಗಳಿವೆ. ಅಲಂಕಾರದ ಬಲ್ಬಲ್ಲ, ಉರಿಯುವ ದೀಪ. ಗ್ಯಾಸ್ ದೀಪದಲ್ಲಿ ಬೆಳಕು ಕೊಡುವುದು ಜ್ವಾಲೆಯಲ್ಲ, ಅದರ ಮೇಲೆ ಕೂತ ಮ್ಯಾಂಟಲ್: ಥೋರಿಯಂ, ಸೀರಿಯಂ ಲವಣದಲ್ಲಿ ಅದ್ದಿದ ಬಟ್ಟೆಯ ಸಣ್ಣ ಚೀಲ, ಮೊದಲ ಸಲ ಉರಿಸಿದಾಗ ಬಟ್ಟೆ ಸುಟ್ಟುಹೋಗಿ ಲೋಹದ ಆಕ್ಸೈಡಿನ ಬಲೆ ಮಾತ್ರ ಉಳಿಯುತ್ತದೆ. ನಮ್ಮ ಜಾತ್ರೆ, ಮದುವೆ ದಿಬ್ಬಣಗಳ ಪೆಟ್ರೋಮ್ಯಾಕ್ಸಿನಲ್ಲಿ ಕಟ್ಟುತ್ತಿದ್ದ ಮ್ಯಾಂಟಲ್ ಇದರ ತಮ್ಮನೇ. ಬೆರಳು ತಾಕಿದರೆ ಪುಡಿಯಾಗುವ ವಸ್ತು. ಗಲಾಟೆ ಇಲ್ಲದ ಹೊತ್ತಿನಲ್ಲಿ ದೀಪದ ಕೆಳಗೆ ನಿಂತರೆ ಸಣ್ಣ ಸುಯ್ಯನೆಯ ಸದ್ದು ಕೇಳುತ್ತದೆ. ಈ ಹಳದಿ ಬೆಳಕು ಮೆರುಗು ಹೆಂಚು, ಕನ್ನಡಿ, ಹಿತ್ತಾಳೆ, ಚಿನ್ನದ ಬಣ್ಣದ ಕಂಬಗಳ ಮೇಲೆ ಬಿದ್ದು ಪುಟಿಯಬೇಕೆಂದೇ ಇಡೀ ಕೋಣೆಯನ್ನು ಹೊಂದಿಸಿದ್ದಾರೆ. ವಿಕ್ಟೋರಿಯಾ ಕಾಲದ ಕೂಲಿಯವನ ಮನೆಯಲ್ಲಿ ಇದ್ದದ್ದು ಒಂದು ಮೇಣದ ಬತ್ತಿಯ ಬೆಳಕು; ಇಂಥ ಬಾರುಗಳನ್ನು ಆಗ ಜಿನ್ ಪ್ಯಾಲೇಸ್ ಎಂದು ಕರೆದದ್ದು ಸುಮ್ಮನೆ ಅಲ್ಲ.

ಈಗ ಮುಖ್ಯ ವಿಷಯ: ಸ್ನಗ್. ಕೌಂಟರಿನ ಎದುರು ಸಾಲಾಗಿ ಹತ್ತು ಮರದ ಗೂಡುಗಳಿವೆ, ಒಂದೊಂದಕ್ಕೂ ಎ ಇಂದ ಜೆ ವರೆಗೆ ಒಂದೊಂದು ಅಕ್ಷರ. ನಮ್ಮ ಹಳೆಯ ಹೋಟೆಲುಗಳ ಫ್ಯಾಮಿಲಿ ರೂಮ್ ಇದ್ದಂತೆಯೇ ಇದರ ಉದ್ದೇಶ: ಕುಡಿಯುವುದು ಬೇಕು, ಕಾಣಿಸಿಕೊಳ್ಳುವುದು ಬೇಡ ಎನ್ನುವವರಿಗೆ. ಪ್ರವೇಶದ ಕಂಬಗಳ ಮೇಲೆ ಗುರಾಣಿ ಹಿಡಿದ ಸಿಂಹ, ಗ್ರಿಫಿನ್ (ಹದ್ದಿನ ತಲೆ, ಸಿಂಹದ ಮೈಯ ಕಲ್ಪಿತ ಪ್ರಾಣಿ) ಕೆತ್ತನೆ. ಗುರಾಣಿಯ ಮೇಲೆ ಲ್ಯಾಟಿನ್ ಸೂಕ್ತಿ. ಬಾಗಿಲು ಎಳೆದುಕೊಂಡರೆ ಕೊರೆದ ಗಾಜಿನಾಚೆ ಆಡುವ ನೆರಳು ಮಾತ್ರ. ಒಳಗೆ ಮೂರು ಬದಿ ಬೆಂಚು, ನಡುವೆ ಮೇಜು. ಗೋಡೆಗೆ ಒಂದು ಗನ್‌ಮೆಟಲ್ ತಗಡು ಬಡಿದಿದೆ, ಮೈಯೆಲ್ಲ ಒರಟು. ಬೆಂಕಿಕಡ್ಡಿ ಗೀರಲು ಇಟ್ಟದ್ದು ಅದು. ಉತ್ತರ ಐರ್ಲೆಂಡಿನಲ್ಲಿ 2007ರ ಏಪ್ರಿಲ್ 30ರಿಂದ ಒಳಗೆ ಸೇದುವಂತಿಲ್ಲವಾದ್ದರಿಂದ ಈಗ ಬೆರಳಾಡಿಸಲು ಮಾತ್ರ ಉಪಯೋಗ. ಪಕ್ಕದಲ್ಲೇ ಕರೆಗಂಟೆಯ ಗುಂಡಿ. ಒತ್ತಿದರೆ ಯಾವ ಅಕ್ಷರದ ಗೂಡಿನವರು ಕರೆದರು ಎಂದು ಬಾರಿನವರಿಗೆ ತಿಳಿಯುವ ಏರ್ಪಾಡು. ದೊಡ್ಡ ಬಂಗಲೆಗಳಲ್ಲಿ ಆಳುಗಳನ್ನು ಕರೆಯಲು ಇರುತ್ತಿದ್ದ ವ್ಯವಸ್ಥೆಯೇ ಇಲ್ಲಿ ಬಾರಿಗೆ ಬಂದಿದೆ. ಒತ್ತಿ ಕೂತು ವೇಟರಿಗೆ ಕಾಯುವವರನ್ನು ಬೇಕಾದಷ್ಟು ನೋಡಬಹುದು. ಈ ದೇಶದ ಪಬ್ಬಿನ ಪದ್ಧತಿಯಂತೆ ಎದ್ದು ಕೌಂಟರಿಗೆ ಹೋಗಿ ಹೇಳಿ ತರುವುದೇ ಸರಿ. ಗಂಟೆಯನ್ನು ನೋಡಿ ಸಂತೋಷಪಡಿ.

ಸ್ನಗ್ ಹಿಡಿಯುವ ಬಗೆ. ಮೂವರು ನಾಲ್ವರು ಹೋದರೆ ಒಬ್ಬರು ಕೌಂಟರಿಗೆ, ಉಳಿದವರು ನೇರ ಗೂಡಿನತ್ತ. ಎಲ್ಲರೂ ಸೇರಿ ಮೊದಲು ಡ್ರಿಂಕ್ ಕೊಂಡು ಆಮೇಲೆ ಜಾಗ ಹುಡುಕುವುದೇ ಸಾಮಾನ್ಯವಾಗಿ ಆಗುವ ಎಡವಟ್ಟು. ಗಿನ್ನೆಸ್ ಎಂಬ ಕಪ್ಪು ಬಿಯರ್ ತುಂಬಲು ಹಿಡಿಯುವ ಆ ಎರಡು ನಿಮಿಷದಲ್ಲೇ ಗೂಡು ಹೋಗುತ್ತದೆ. ಬಾಗಿಲು ಮುಚ್ಚಿದೆ ಎಂದರೆ ಜನ ಇದ್ದಾರೆಂದೇ ಅಲ್ಲ. ಗಾಜಿನ ಹಿಂದೆ ನೆರಳು ಕಾಣದಿದ್ದರೆ ಮೆಲ್ಲಗೆ ತಟ್ಟಿ ತೆರೆಯಿರಿ. ಇಬ್ಬರೇ ದೊಡ್ಡ ಗೂಡು ಹಿಡಿದು ಕೂತಿದ್ದರೆ ಜನ ಹೆಚ್ಚಿದಾಗ ಇತರರು ಬಂದು "ಇಲ್ಲಿ ಯಾರಾದರೂ ಇದ್ದಾರಾ" ಎಂದು ಕೇಳುತ್ತಾರೆ. ಸರಿದು ಜಾಗ ಕೊಡುವುದು ಇಲ್ಲಿನ ರೂಢಿ. ಬೇಡ ಎಂದರೆ ಜಗಳವೇನೂ ಆಗದು, ಆದರೆ ಬೆಲ್‌ಫಾಸ್ಟಿನವರ ಮಾತು ಕೇಳುವ ಅವಕಾಶ ತಪ್ಪುತ್ತದೆ. ಇನ್ನೊಂದು: ಗೂಡಿನ ಗೋಡೆ ಕೂತವರ ತಲೆಗಿಂತ ಎತ್ತರವಿದ್ದರೂ ಮೇಲೆ ತೆರೆದಿದೆ. ಕಣ್ಣಿಗೆ ಮರೆ, ಕಿವಿಗಲ್ಲ. ಕನ್ನಡದಲ್ಲಿ ಮಾತಾಡಿದರೆ ಯಾರಿಗೂ ತಿಳಿಯದು ಎಂಬ ಧೈರ್ಯವೂ ಬೇಡ. ಈ ಊರಿನ ಆಸ್ಪತ್ರೆ, ಐಟಿ ಕಚೇರಿಗಳಲ್ಲಿ ನಮ್ಮ ಕಡೆಯ ಜನ ಇದ್ದಾರೆ. ಗಾಲಿಕುರ್ಚಿಯವರಿಗೆ, ದೊಡ್ಡ ಸೂಟ್‌ಕೇಸ್ ಎಳೆದು ಬಂದವರಿಗೆ ಗೂಡುಗಳು ಇಕ್ಕಟ್ಟು.

ಏನು ಕುಡಿಯಬೇಕು? ಗಿನ್ನೆಸ್ ಎನ್ನುವುದು ಎಲ್ಲರ ಉತ್ತರ, ತಪ್ಪಲ್ಲ. ಆದರೆ ಅದನ್ನು ಕೊಡುವ ಕ್ರಮ ಗೊತ್ತಿಲ್ಲದವರು ಕೌಂಟರಿನಲ್ಲಿ ಮುಜುಗರಪಡುತ್ತಾರೆ. ಲೋಟವನ್ನು 45 ಡಿಗ್ರಿ ಓರೆ ಹಿಡಿದು ನಲ್ಲಿಯ ಹಿಡಿಯನ್ನು ಮುಂದಕ್ಕೆ ಎಳೆದು ಮುಕ್ಕಾಲು ಭಾಗ ತುಂಬಿಸುತ್ತಾರೆ, ಆಮೇಲೆ ಲೋಟವನ್ನು ಹಾಗೆಯೇ ಇಟ್ಟು ಮುಂದಿನ ಗಿರಾಕಿಯತ್ತ ತಿರುಗುತ್ತಾರೆ. ಮರೆತದ್ದಲ್ಲ. ಇದನ್ನು ಸುರಿಸಲು ಬಳಸುವ ಗ್ಯಾಸಿನಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ನೈಟ್ರೋಜನ್ ಹೆಚ್ಚು, ಅದರ ಗುಳ್ಳೆ ತೀರಾ ಸಣ್ಣದು, ಮೇಲೇರಿ ಕೆನೆಯಾಗಲು ಸಮಯ ಬೇಕು. ಆ ಹೊತ್ತಿನಲ್ಲಿ ಲೋಟದ ಅಂಚನ್ನು ಗಮನಿಸಿ, ಗುಳ್ಳೆಗಳು ಕೆಳಮುಖ ಹರಿಯುವಂತೆ ಕಾಣುತ್ತವೆ. ಕಣ್ಣಿನ ಭ್ರಮೆಯಲ್ಲ. ಲೋಟ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ನಡುವೆ ದ್ರವ ಮೇಲೇಳುತ್ತದೆ, ಗೋಡೆಯ ಬದಿಯಲ್ಲಿ ಇಳಿಯುತ್ತದೆ, ಇಳಿಯುವಾಗ ಸಣ್ಣ ಗುಳ್ಳೆಗಳನ್ನೂ ಎಳೆದುಕೊಂಡು ಹೋಗುತ್ತದೆ. ಮೈ ಕಪ್ಪಾಗಿ ಕೆನೆ ಬೇರೆಯಾದ ಮೇಲೆ ಹಿಡಿಯನ್ನು ಹಿಂದಕ್ಕೆ ತಳ್ಳಿ ನಿಧಾನವಾಗಿ ಉಳಿದ ಕಾಲುಭಾಗ ತುಂಬಿಸುತ್ತಾರೆ, ಕೆನೆ ಅಂಚಿಗಿಂತ ಒಂದು ಕೂದಲೆಳೆ ಮೇಲೆ ನಿಲ್ಲಬೇಕು. ಕಂಪನಿ ಪ್ರಚಾರ ಮಾಡುವ ಲೆಕ್ಕ 119.5 ಸೆಕೆಂಡ್. ಆ ಅರ್ಧ ಸೆಕೆಂಡನ್ನು ಯಾವ ಬಾರ್‌ಮನ್ ಅಳೆಯುತ್ತಾನೋ ಗೊತ್ತಿಲ್ಲ, ಆದರೆ ಎರಡು ನಿಮಿಷ ಎನ್ನುವುದು ಸರಿ. ಕೊಟ್ಟ ಮೇಲೂ ಒಂದರ್ಧ ನಿಮಿಷ ಬಿಟ್ಟು, ಕೆನೆಯ ಕೆಳಗಿನ ಕಪ್ಪು ಭಾಗವನ್ನು ಹೀರುವಂತೆ ದೊಡ್ಡ ಗುಟುಕು ತೆಗೆದುಕೊಳ್ಳಿ. ಚಹಾ ಹೀರಿದಂತೆ ಹೀರಿದರೆ ಬಾಯಿಗೆ ಬರುವುದು ಬರೀ ಕಹಿ ನೊರೆ.

ಒಳ್ಳೆಯ ಪಿಂಟಿನ ಗುರುತು: ಕುಡಿಯುತ್ತ ಹೋದಂತೆ ಪ್ರತಿ ಗುಟುಕಿಗೂ ಲೋಟದ ಒಳಗೆ ಕೆನೆಯ ಒಂದು ಉಂಗುರ ಉಳಿಯುತ್ತದೆ. ಉಂಗುರ ನಿಲ್ಲದೆ ಕೆನೆ ಬೇಗ ಬಿದ್ದುಹೋದರೆ, ಅಥವಾ ಲೋಟದ ಗೋಡೆಗೆ ದಪ್ಪ ಗುಳ್ಳೆ ಅಂಟಿದ್ದರೆ, ಲೋಟದಲ್ಲಿ ಎಣ್ಣೆಪಸೆ ಅಥವಾ ಸೋಪಿನ ಅಂಶ ಉಳಿದಿದೆ ಎಂದರ್ಥ. ಸಂಕೋಚ ಬೇಡ, ಮರ್ಯಾದೆಯಿಂದ ಹೇಳಿದರೆ ಬದಲಿಸಿ ಕೊಡುವುದು ಇಲ್ಲಿನ ಯಾವ ಪಬ್ಬಿನಲ್ಲೂ ವಾಡಿಕೆ. ಗಿನ್ನೆಸ್ ಭಾರವಾದ ಪಾನೀಯ ಎಂಬ ಮಾತೂ ಬಣ್ಣ ನೋಡಿ ಹುಟ್ಟಿದ್ದು, ಆಲ್ಕೋಹಾಲ್ ಶೇ. 4ರ ಆಸುಪಾಸು, ನಮ್ಮಲ್ಲಿ ಸಿಗುವ ಸ್ಟ್ರಾಂಗ್ ಬಿಯರಿಗಿಂತ ಎಷ್ಟೋ ಹಗುರ. ಸೋಸಲು ಮೀನಿನ ಅಂಶ ಬಳಸುತ್ತಿದ್ದದ್ದನ್ನು ಕಂಪನಿ ಕೆಲ ವರ್ಷಗಳ ಹಿಂದೆಯೇ ನಿಲ್ಲಿಸಿದೆ, ಹಾಗಾಗಿ ಸಸ್ಯಾಹಾರಿಗಳಿಗೂ ಅಡ್ಡಿಯಿಲ್ಲ. ಪಿಂಟ್ ಎಂದರೆ 568 ಮಿ.ಲೀ.; ರುಚಿ ನೋಡಲಷ್ಟೇ ಬೇಕಿದ್ದರೆ ಹಾಫ್ ಕೇಳಿ, 284 ಮಿ.ಲೀ. ಬರುತ್ತದೆ, ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಕೈಪಂಪಿನಿಂದ ಎಳೆದು ಕೊಡುವ ಕಾಸ್ಕ್ ಏಲ್ ಕೂಡ ಇಲ್ಲಿ ಸಿಗುತ್ತದೆ, ಬೆಲ್‌ಫಾಸ್ಟಿನಲ್ಲಿ ಅದು ಎಲ್ಲ ಕಡೆ ಸಿಗುವಂಥದ್ದಲ್ಲ. ಆದರೆ ಕಾಸ್ಕ್ ಎಂದರೆ ಪೀಪಾಯಿಯಲ್ಲೇ ಹುದುಗುವ ಜೀವಂತ ಬಿಯರ್, ಪೀಪಾಯಿ ತೆರೆದ ಮೂರು ನಾಲ್ಕು ದಿನದಲ್ಲಿ ಮುಗಿಯದಿದ್ದರೆ ಗಾಳಿ ಸೋಕಿ ಹುಳಿಯಾಗುತ್ತದೆ. ಊರಿಡೀ ಗಿನ್ನೆಸ್ ಕುಡಿಯುವ ಕಡೆ ಅದರ ಅಪಾಯ ಹೆಚ್ಚು. ಮೊದಲು ಒಂದು ಗುಟುಕು ಸ್ಯಾಂಪಲ್ ಕೇಳಿ. ವಿನೆಗರಿನ ವಾಸನೆ ಬಂದರೆ ಬಿಟ್ಟುಬಿಡಿ. ಬೆಚ್ಚಗಿದೆ ಎಂದು ಮಾತ್ರ ದೂರಬೇಡಿ, ಕಾಸ್ಕ್ ಏಲ್ ಕೊಡುವುದೇ ನೆಲಮಾಳಿಗೆಯ 12 ಡಿಗ್ರಿ ಆಸುಪಾಸಿನಲ್ಲಿ.

ವಿಸ್ಕಿಗೆ ಬಂದರೆ ಇದು ಬುಷ್‌ಮಿಲ್ಸ್ ನಾಡು. ಬ್ಲ್ಯಾಕ್ ಬುಷ್ ಕೇಳಿ: ಮಾಲ್ಟ್ ಪ್ರಮಾಣ ಹೆಚ್ಚು, ಶೆರಿ ಪೀಪಾಯಿಯ ಒಣದ್ರಾಕ್ಷಿಯ ಸಿಹಿ ಇರುತ್ತದೆ, ಬೆಲೆಗೆ ಮೋಸವಿಲ್ಲ. ಅಳತೆಯಲ್ಲಿ ಎಚ್ಚರ. ಕರ್ನಾಟಕದ ಲೆಕ್ಕದಲ್ಲಿ ಸ್ಮಾಲ್ 30, ಲಾರ್ಜ್ 60. ಇಂಗ್ಲೆಂಡಿನಲ್ಲಿ ಬಹುಕಡೆ ಸಿಂಗಲ್ 25 ಮಿ.ಲೀ. ಉತ್ತರ ಐರ್ಲೆಂಡಿನಲ್ಲಿ ರೂಢಿಯ ಸಿಂಗಲ್ 35 ಮಿ.ಲೀ., ಡಬಲ್ ಎಂದರೆ 70. "ನಮ್ಮೂರಿನ ಲಾರ್ಜ್ ತಾನೆ" ಎಂದು ಮೂರು ಡಬಲ್ ಇಳಿಸಿದರೆ 210 ಮಿ.ಲೀ., ಒಂದು ಕ್ವಾರ್ಟರಿಗಿಂತ ಜಾಸ್ತಿ. ಸೋಡಾ ಕೇಳಿದರೆ ಕೊಡುತ್ತಾರೆ, ನೀರಿನ ಸಣ್ಣ ಜಗ್ ಕೇಳಿದರೆ ಇನ್ನೂ ಒಳ್ಳೆಯದು. ಚಕ್ಕುಲಿ, ಮಸಾಲೆ ಶೇಂಗಾ ಬಗೆಯ ಸೈಡ್ಸ್ ಇಲ್ಲ. ಟೇಟೊ ಚೀಸ್ ಅಂಡ್ ಆನಿಯನ್ ಚಿಪ್ಸ್ ಈ ಪ್ರಾಂತ್ಯದ ಸ್ವಂತ ಸರಕು, ಆರ್ಮಾ ಕೌಂಟಿಯ ಟ್ಯಾಂಡ್ರಗೀ ಊರಿನ ಕೋಟೆಯಲ್ಲಿ ತಯಾರಾಗುತ್ತದೆ, ವಿಸ್ಕಿಗೂ ಹೊಂದುತ್ತದೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟೂ, ಪೈ, ಸಾಸೇಜು, ಫಿಶ್ ಅಂಡ್ ಚಿಪ್ಸ್ ಸಾಲಿನ ಪಬ್ ಊಟ. ಹಸಿವು ತೀರುತ್ತದೆ, ನೆನಪಿನಲ್ಲಿ ಉಳಿಯುವುದಿಲ್ಲ. ಮೇಲಿನ ಮಹಡಿಯಲ್ಲಿ ಡೈನಿಂಗ್ ರೂಮ್ ಇದೆ, ಅಲ್ಲಿಗೆ ಟೇಬಲ್ ಕಾದಿರಿಸಬಹುದು; ಆದರೆ ನೋಡಲು ಬಂದದ್ದು ಕೆಳಗಿದೆ, ಆದ್ದರಿಂದ ಮೇಲೆ ಕೂತು ಉಂಡು "ಕ್ರೌನ್ ನೋಡಿದೆವು" ಎನ್ನುವುದರಲ್ಲಿ ಅರ್ಥವಿಲ್ಲ. ಸಸ್ಯಾಹಾರಿಗಳಿಗೆ ಕೆಲವು ಸೂಕ್ಷ್ಮ. ಚಾಂಪ್ ಎಂಬುದು ಹಾಲು, ಬೆಣ್ಣೆ, ಈರುಳ್ಳಿ ಸೊಪ್ಪು ಹಾಕಿ ಹಿಸುಕಿದ ಆಲೂಗಡ್ಡೆ. ಸ್ವತಃ ಸಸ್ಯಾಹಾರವೇ, ಆದರೆ ಮೇಲೆ ಸುರಿಯುವ ಗ್ರೇವಿ ಮಾಂಸದ್ದಿರುತ್ತದೆ. "ಗ್ರೇವಿ ಬೇಡ" ಎಂದು ಆರ್ಡರ್ ಮಾಡುವಾಗಲೇ ಹೇಳಿ. ಚಿಪ್ಸ್ ಕರಿಯುವ ಎಣ್ಣೆಯಲ್ಲೇ ಮೀನು ಕರಿಯುತ್ತಾರೋ ಕೇಳಿ. ತರಕಾರಿ ಸೂಪಿಗೆ ಚಿಕನ್ ಸ್ಟಾಕ್ ಹಾಕುವ ಅಭ್ಯಾಸ ಐರ್ಲೆಂಡಿನಲ್ಲಿ ಸಾಮಾನ್ಯ, ಅದನ್ನೂ ಕೇಳಿ. ಗೋಮಾಂಸ ತಿನ್ನದವರು ಐರಿಶ್ ಸ್ಟೂ ಎಂದರೆ ಕುರಿಯದ್ದೇ ಎಂದು ನಂಬಬಾರದು. ಬೆಲ್‌ಫಾಸ್ಟಿನಲ್ಲಿ ದನದ ಮಾಂಸದ್ದೂ ಇರುತ್ತದೆ. ಅಲರ್ಜಿ ಮಾಹಿತಿ ಕೇಳಿದರೆ ಕೊಡಲೇಬೇಕು ಎಂಬ ಕಾನೂನಿದೆ, ಅನುಮಾನವಿದ್ದರೆ ಕೇಳಿ. ಮಕ್ಕಳನ್ನು ಕರೆದುಕೊಂಡು ಬರುವವರು ಹಗಲಿನಲ್ಲೇ ಬನ್ನಿ. ರಾತ್ರಿ ಒಂಬತ್ತರ ಮೇಲೆ ಹದಿನೆಂಟು ತುಂಬದವರನ್ನು ಬಾರಿನಲ್ಲಿ ಇರಿಸಿಕೊಳ್ಳುವಂತಿಲ್ಲ, ಊಟ ಮಾಡುತ್ತಿದ್ದರೆ ಮಾತ್ರ ಸ್ವಲ್ಪ ವಿನಾಯಿತಿ.

ದುಡ್ಡಿನ ವಿಷಯ. ಪಿಂಟಿಗೆ ಆರು ಪೌಂಡಿನ ಆಸುಪಾಸು ಇಟ್ಟುಕೊಳ್ಳಿ, ನಗರದ ನಡುವಿನ ಪ್ರವಾಸಿ ಪಬ್ಬಿಗೆ ಇದು ಮಾಮೂಲು; ಹತ್ತು ನಿಮಿಷ ನಡೆದರೆ ಕಡಿಮೆಗೂ ಸಿಗುತ್ತದೆ. ಕಾರ್ಡ್ ನಡೆಯುತ್ತದೆ. ಡಬ್ಲಿನಿನಿಂದ ಬಂದವರ ಯೂರೋ ನೋಟು ನಡೆಯುತ್ತದೆ ಎಂದು ನೆಚ್ಚಬೇಡಿ. ನಗದು ಕೊಟ್ಟರೆ ಚಿಲ್ಲರೆಯಾಗಿ ಬ್ಯಾಂಕ್ ಆಫ್ ಐರ್ಲೆಂಡ್, ಅಲ್‌ಸ್ಟರ್ ಬ್ಯಾಂಕ್, ಡ್ಯಾನ್ಸ್ಕೆ ಬ್ಯಾಂಕ್ ಮುದ್ರಿಸಿದ ನೋಟುಗಳು ಬರಬಹುದು. ಖೋಟಾ ಅಲ್ಲ, ಅಪ್ಪಟ ಪೌಂಡೇ, ಆದರೆ ಲಂಡನ್ನಿನ ಅಂಗಡಿಯವರು ತಿರುಗಿಸಿ ನೋಡಿ ವಾಪಸು ಕೊಡುತ್ತಾರೆ, ಬೆಂಗಳೂರಿನ ಮನಿ ಚೇಂಜರ್ ಅಂತೂ ಮುಟ್ಟಲಾರ. ಊರು ಬಿಡುವ ಮುನ್ನ ಖರ್ಚು ಮಾಡಿ. ಕೌಂಟರಿನಲ್ಲಿ ಟಿಪ್ ನಿರೀಕ್ಷೆಯಿಲ್ಲ. ಗುಂಪಿನಲ್ಲಿ ಹೋದರೆ ಒಬ್ಬೊಬ್ಬರು ಒಂದೊಂದು ಸುತ್ತು ಕೊಡಿಸುವುದು ಕ್ರಮ. ಬಿಲ್ಲನ್ನು ಐದು ಭಾಗ ಮಾಡಿ ಎಂದು ತುಂಬಿದ ಕೌಂಟರಿನಲ್ಲಿ ಕೇಳಿದರೆ ಹಿಂದಿನ ಸಾಲೆಲ್ಲ ನಿಟ್ಟುಸಿರು ಬಿಡುತ್ತದೆ.

ಸರ್ವಿಸ್ ಚುರುಕು, ಮಾತು ಕಡಿಮೆ. ಬಾರ್ ಉದ್ದವಿರುವುದರಿಂದ ಬಾಗಿಲ ಬಳಿ ಗುಂಪುಗಟ್ಟದೆ ಒಳಗಿನ ತುದಿಗೆ ಹೋಗಿ ನಿಲ್ಲಿ, ಬೇಗ ಸಿಗುತ್ತದೆ. ಕೈಬೀಸುವುದು, ನೋಟು ಆಡಿಸುವುದು ಬೇಡ. ಕಣ್ಣು ಕೂಡಿದರೆ ಸಾಕು, ಯಾರು ಮೊದಲು ಬಂದರೆಂಬ ಲೆಕ್ಕ ಅವರ ತಲೆಯಲ್ಲಿರುತ್ತದೆ. ಬಾಟಲಿಗಳ ಹಿಂದೆ ಕನ್ನಡಿ, ಪೀಪಾಯಿ, ಕೆತ್ತನೆಯ ಚೌಕಟ್ಟು ಇವೆಯಲ್ಲ, ಕಾಯುವ ಹೊತ್ತನ್ನು ಅದಕ್ಕೆ ಕೊಡಿ. ಕೌಂಟರಿನ ಬುಡದಲ್ಲಿ ಕಾಲಿಡುವ ಪಟ್ಟಿ ಇದೆ. ಒದ್ದೆ ಬೂಟಿನಲ್ಲಿ ಬರುವ ಗಿರಾಕಿಗಳಿಗಾಗಿ ಅದನ್ನು ಬಿಸಿಯಾಗುವಂತೆ ಮಾಡಿಸಿದ್ದರು. ಗಿರಾಕಿಯ ಕಾಲು ಬೆಚ್ಚಗಿದ್ದರೆ ಇನ್ನೊಂದು ಗ್ಲಾಸು ಹೋಗುತ್ತದೆ ಎಂಬುದು ಮಾಲೀಕನ ಲೆಕ್ಕವಿದ್ದಿರಬೇಕು.

ಫೋಟೊ ತೆಗೆಯುವವರಿಗೆ: ಫ್ಲ್ಯಾಶ್ ಪೂರ್ತಿ ಬಂದ್ ಮಾಡಿ, ಮೆರುಗು ಹೆಂಚು ಮತ್ತು ಕನ್ನಡಿ ಅದನ್ನು ನೇರ ಲೆನ್ಸಿಗೆ ವಾಪಸು ಎಸೆಯುತ್ತವೆ. ಫೋನಿನ ಆಟೊ ಮೋಡ್ ಹಳದಿ ಬೆಳಕನ್ನು ತಿದ್ದಲು ಹೋಗಿ ಚಾವಣಿಯನ್ನು ಬೂದು ಮಾಡುತ್ತದೆ. ಪ್ರೊ ಮೋಡಿನಲ್ಲಿ ವೈಟ್ ಬ್ಯಾಲೆನ್ಸನ್ನು 3500 ಕೆಲ್ವಿನ್ ಸುತ್ತ ಇಟ್ಟರೆ ಕೆಂಪು, ಚಿನ್ನದ ಬಣ್ಣ ಕಣ್ಣಿಗೆ ಕಂಡಂತೆ ಬರುತ್ತವೆ. ಕಿಟಕಿಯ ಗಾಜನ್ನು ತೆಗೆಯುವಾಗ ಗಾಜಿನ ಮೇಲೆ ಬೆರಳಿಟ್ಟು ಎಕ್ಸ್‌ಪೋಷರ್ ಲಾಕ್ ಮಾಡಿ, ಇಲ್ಲದಿದ್ದರೆ ಬಣ್ಣವೆಲ್ಲ ಬಿಳಿಚಿಕೊಳ್ಳುತ್ತದೆ. ಜನ ಕೂತ ಸ್ನಗ್ಗಿನೊಳಗೆ ಫೋನ್ ಚಾಚುವವರನ್ನು ನೋಡಿದ್ದೇವೆ, ದಯವಿಟ್ಟು ಬೇಡ. ಏನೂ ಕೊಳ್ಳದೆ ಸುತ್ತುಹೊಡೆದು ಹೊರಡುವುದು ಅದಕ್ಕಿಂತಲೂ ಕೆಟ್ಟದ್ದು. ಮದ್ಯ ಮುಟ್ಟದವರು ಕಾಫಿಯನ್ನೋ ಆಲ್ಕೋಹಾಲ್ ಇಲ್ಲದ ಬಿಯರನ್ನೋ ತೆಗೆದುಕೊಂಡು ಕೂರಬಹುದು, ಕಟ್ಟಡ ಉಳಿದಿರುವುದು ಆ ವ್ಯಾಪಾರದಿಂದಲೇ.

ಡಬ್ಲಿನಿನಲ್ಲಿ ಕೆಲಸ ಮಾಡುವ ಕನ್ನಡಿಗರು ವಾರಾಂತ್ಯಕ್ಕೆ ಬರುವುದು ಹೆಚ್ಚು, ಅವರಿಗೆ ವೀಸಾ ಮಾತು. ರಸ್ತೆಯಲ್ಲಿ ಗಡಿ ಕಾಣುವುದೇ ಇಲ್ಲ, ಗೇಟಿಲ್ಲ, ಮೈಲಿ ಕಿಲೋಮೀಟರ್ ಬೋರ್ಡು ಬದಲಾಗುತ್ತದೆ ಅಷ್ಟೆ. ಕಾನೂನಿನಲ್ಲಿ ಅದು ಬೇರೆ ದೇಶ. ಭಾರತೀಯ ಪಾಸ್‌ಪೋರ್ಟಿನವರಿಗೆ ಐರಿಶ್ ರೆಸಿಡೆನ್ಸ್ ಪರ್ಮಿಟ್ ಇದ್ದರೂ ಬ್ರಿಟಿಷ್ ವೀಸಾ ಬೇಕೇ ಬೇಕು. ಬಸ್ಸುಗಳಲ್ಲಿ ಆಗಾಗ ತಪಾಸಣೆ ಆಗುತ್ತದೆ. ಭಾರತದಿಂದ ಪ್ರವಾಸಕ್ಕೆ ಬರುವವರಿಗೆ ಬ್ರಿಟಿಷ್ ಐರಿಶ್ ವೀಸಾ ಯೋಜನೆ ಇದೆ: ವೀಸಾದ ಮೇಲೆ ಬಿಐವಿಎಸ್ ಎಂಬ ಗುರುತಿದ್ದರೆ ಒಂದೇ ವೀಸಾದಲ್ಲಿ ಎರಡೂ ಕಡೆ ಓಡಾಡಬಹುದು, ಆದರೆ ವೀಸಾ ಕೊಟ್ಟ ದೇಶಕ್ಕೇ ಮೊದಲು ಕಾಲಿಡಬೇಕು. ಡಬ್ಲಿನ್ ಕೊನೊಲಿ ನಿಲ್ದಾಣದಿಂದ ಎಂಟರ್‌ಪ್ರೈಸ್ ರೈಲಿಗೆ ಎರಡು ಗಂಟೆಗೆ ತುಸು ಹೆಚ್ಚು. ಬಸ್ಸುಗಳು ಡಬ್ಲಿನ್ ವಿಮಾನ ನಿಲ್ದಾಣದಿಂದಲೂ ಇವೆ. ಎರಡೂ ಬಂದು ನಿಲ್ಲುವುದು 2024ರಲ್ಲಿ ತೆರೆದ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಲ್ಲಿ, ಅದು ಯೂರೋಪಾ ಹೋಟೆಲಿನ ಹಿಂಬದಿಗೇ. ನಡೆದರೆ ಐದಾರು ನಿಮಿಷ.

ಗೂಡು ಸಿಗಲಿಲ್ಲ, ಕೌಂಟರಿಗೆ ಮೂರು ಸಾಲು ಜನ ಎಂದಾದರೆ ಹಟ ಹಿಡಿಯಬೇಡಿ. ಪಕ್ಕದ ಕಟ್ಟಡದಲ್ಲೇ ರಾಬಿನ್ಸನ್ಸ್ ಇದೆ, ಕೂರಲು ಜಾಗ ಹೆಚ್ಚು, ಒಳಾಂಗಣ ಮಾತ್ರ ಹೊಸದು. ಹಾಡು, ಪಿಟೀಲು ಕೇಳುವ ಮನಸ್ಸಿದ್ದರೆ ಬ್ಯಾಂಕ್ ಸ್ಟ್ರೀಟಿನ ಕೆಲೀಸ್ ಸೆಲ್ಲರ್ಸ್‌ಗೆ ನಡೆಯಿರಿ, ಹತ್ತು ಹದಿನೈದು ನಿಮಿಷದ ದಾರಿ; ಬಿಳಿಸುಣ್ಣದ ತಗ್ಗು ಕಟ್ಟಡ, ಗೋಡೆಯ ಮೇಲೆ 1720 ಎಂದು ಬರೆದುಕೊಂಡಿದೆ. ಅಲ್ಲಿ ಸಂಜೆ ಕಳೆದು, ಮರುದಿನ ಡಬ್ಲಿನ್ ರೈಲಿಗೆ ಮುನ್ನ ಕ್ರೌನಿನ ಬಾಗಿಲು ತೆರೆಯುವ ಹೊತ್ತಿಗೆ ಬಂದರೆ ಹತ್ತರಲ್ಲಿ ಯಾವ ಅಕ್ಷರದ ಗೂಡು ಬೇಕೆಂದು ಆರಿಸಿಕೊಳ್ಳಬಹುದು.